ಮುಗಿಯದ ಗೋಡೆಯ ಊರು

ಸಿಯೆನಾ ಸೇರಿದ್ದು ಜುಲೈ 1ರಂದು. ಮರುದಿನವೇ ಪಾಲಿಯೊ, ಅಂದರೆ ಊರಿನ ಕುದುರೆ ಓಟ. ಇಟಲಿಯ ಟಸ್ಕನಿ ಸೀಮೆಯ ಈ ಗುಡ್ಡದೂರಿನಲ್ಲಿ 17 ಕೇರಿಗಳು. ಆಮೆ, ಬಸವನಹುಳು, ಕಂಬಳಿಹುಳು, ಹೆಬ್ಬಾತು, ಹೀಗೆ ಒಂದೊಂದಕ್ಕೂ ಒಂದೊಂದು ಲಾಂಛನ. ಓಣಿ ತಿರುಗಿದರೆ ಸಾಕು, ಬಾವುಟ ಬೇರೆ, ಕೊರಳಿನ ರುಮಾಲಿನ ಬಣ್ಣವೂ ಬೇರೆ. ಯಾರು ಯಾವ ಕೇರಿಯವರೆಂದು ಕೇಳಬೇಕಾದ್ದೇ ಇಲ್ಲ.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಕುದುರೆಯಲ್ಲ, ಒಂದು ಲಸಿಕೆ. ಕೋಟೆಯ ಹೊರಗೆ, ಫ್ಲಾರೆನ್ಸ್ ಕಡೆಗೆ ಹೋಗುವ ರಸ್ತೆಯಲ್ಲಿ, ಅಕಿಲ್ಲೆ ಸ್ಕ್ಲಾವೊ 1904ರಲ್ಲಿ ಸ್ಥಾಪಿಸಿದ ಲಸಿಕಾ ಸಂಸ್ಥೆ ಬೆಳೆದ ಜಾಗವಿದೆ. ಒಡೆತನ ಹಲವು ಕೈ ದಾಟಿದೆ, ಕೆಲಸ ನಿಂತಿಲ್ಲ. ಗೇಟಿನ ಹೊರಗಿನಿಂದಲೇ ನೋಡಿದೆ. ನನಗೆ ಅದೂ ಒಂದು ಯಾತ್ರಾಸ್ಥಳವೇ.

ನನ್ನನ್ನು ಎಳೆದು ತಂದ ಲಸಿಕೆಯ ಗುರಿ ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದು ಎಷ್ಟೋ ಜನರ ಗಂಟಲಲ್ಲಿ ತೆಪ್ಪಗಿರುತ್ತದೆ. ಅಪರೂಪಕ್ಕೊಮ್ಮೆ ರಕ್ತಕ್ಕೆ ಇಳಿದರೆ, ಬೆಳಿಗ್ಗೆ ಆಡುತ್ತಿದ್ದ ಮಗು ಮರುದಿನ ಇಲ್ಲವಾಗಬಹುದು. ಅದರ ಬೇರೆ ಬಗೆಗಳಿಗೆ ಹೊರಗಿನ ಸಕ್ಕರೆ ಕವಚವನ್ನೇ ಬಳಸಿ ಲಸಿಕೆ ಮಾಡಿದ್ದಾಯಿತು. 'ಬಿ' ಬಗೆ ಮಾತ್ರ ಬಗ್ಗಲಿಲ್ಲ. ಅದರ ಸಕ್ಕರೆ ಕವಚವೂ ನಮ್ಮ ನರಕೋಶಗಳ ಮೇಲಿರುವ ಸಕ್ಕರೆಯೂ ಒಂದೇ ಅಚ್ಚು. ಹಗೆಯೇ ನಮ್ಮ ಕೇರಿಯ ರುಮಾಲು ಕಟ್ಟಿಕೊಂಡು ಬಂದರೆ ಕಾವಲುಗಾರ ಯಾರನ್ನು ತಡೆದಾನು?

ಆ ಗೇಟಿನೊಳಗೆ, ಇದೇ ಸಿಯೆನಾ ಪ್ರಾಂತ್ಯದ ರಾದಿಕೊಫಾನಿಯಲ್ಲಿ ಹುಟ್ಟಿದ ರೀನೊ ರಪ್ಪುವೊಲಿ, ಜೊತೆಗೆ ಮರಿಯಾಗ್ರಾತ್ಸಿಯಾ ಪಿಜ್ಜಾ ಮತ್ತು ಸಂಗಡಿಗರು ದಾರಿಯನ್ನೇ ತಿರುವಿಹಾಕಿದರು. ಬ್ಯಾಕ್ಟೀರಿಯಾ ಬೆಳೆಸಿ ತುಂಡು ಮಾಡಿ ಹುಡುಕುವ ಬದಲು, ಅಮೆರಿಕದ ಕ್ರೇಗ್ ವೆಂಟರ್ ಅವರ ಸಂಸ್ಥೆಯ ಜೊತೆ ಸೇರಿ ಅದರ ಜೀನೋಮಿನ 22 ಲಕ್ಷಕ್ಕೂ ಹೆಚ್ಚು ಅಕ್ಷರಗಳನ್ನು ಮೊದಲು ಓದಿದರು. ಯಾವ ಪ್ರೋಟೀನು ಹೊರಮೈಗೆ ಬಂದು ನಿಲ್ಲಬಹುದೆಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ಸುಮಾರು 600ನ್ನು ಆರಿಸಿದರು. ಅವುಗಳಲ್ಲಿ 350ನ್ನು ಇ. ಕೊಲೈಯಲ್ಲಿ ತಯಾರಿಸಿ ಇಲಿಗಳಿಗೆ ಚುಚ್ಚಿದರು. ಕೊನೆಗೆ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲ ಪ್ರತಿಕಾಯ ಹುಟ್ಟಿಸಿದವು 28. ಫಲಿತಾಂಶ 2000ರಲ್ಲಿ ಪ್ರಕಟವಾಯಿತು. ಮೊದಲು ಓದು, ಆಮೇಲೆ ಪ್ರಯೋಗ: ನನ್ನಂಥ ಓದುಗನಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆ ಬೇಕೆ?

ಆ ಪ್ರೋಟೀನುಗಳಲ್ಲಿ ಒಂದರ ಚಾಳಿ ಕೇಳಬೇಕು. ನಮ್ಮ ರಕ್ತದಲ್ಲಿ 'ಫ್ಯಾಕ್ಟರ್ ಎಚ್' ಎಂಬ ಅಣು ಇದೆ. ಇದು ನಮ್ಮದೇ ಮೈ, ಹೊಡೆಯಬೇಡ ಎಂದು ರಕ್ಷಣಾ ಪಡೆಗೆ ತಿಳಿಸುವುದು ಅದರ ಕೆಲಸ. ಬ್ಯಾಕ್ಟೀರಿಯಾದ ಪ್ರೋಟೀನು ಅದನ್ನೇ ಹಿಡಿದು ತನ್ನ ಮೇಲೆ ಹೊದೆದುಕೊಳ್ಳುತ್ತದೆ. ಲಸಿಕೆ ಗುರಿಯಿಟ್ಟದ್ದು ಆ ಹಿಡಿಯುವ ಕೈಗೇ. ಅದರ ಜೊತೆ ಇನ್ನೆರಡು ಪ್ರೋಟೀನು, ನ್ಯೂಜಿಲೆಂಡಿನ ತಳಿಯೊಂದರ ಹೊರಪೊರೆಯ ಗುಳ್ಳೆಗಳು ಸೇರಿ 'ಬೆಕ್ಸೆರೊ' ಆಯಿತು. 2013ರ ಜನವರಿಯಲ್ಲಿ ಯುರೋಪಿನ ಒಪ್ಪಿಗೆ. 2015ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಎಲ್ಲ ಹಸುಳೆಗಳಿಗೂ. ಮೂರು ವರ್ಷದಲ್ಲಿ ಇಂಗ್ಲೆಂಡಿನಲ್ಲಿ, ಲಸಿಕೆಗೆ ಅರ್ಹರಾದ ವಯಸ್ಸಿನ ಮಕ್ಕಳಲ್ಲಿ, ಈ ಕಾಯಿಲೆ ಮುಕ್ಕಾಲು ಪಾಲು ಇಳಿಯಿತು.

ಸಂಜೆ ಇಕ್ಕಟ್ಟಾದ ಸುರುಳಿ ಮೆಟ್ಟಿಲು ಹತ್ತಿ ಫಾಚ್ಚತೋನೆಯ ನೆತ್ತಿಗೆ ಹೋದೆ. ಕ್ಯಾಥೆಡ್ರಲನ್ನು ಹಿಗ್ಗಿಸಿ ಕಟ್ಟಲು 1339ರಲ್ಲಿ ಹೊರಟವರ ಕೈಯಲ್ಲಿ ಮುಗಿಯದೆ ಉಳಿದ ಗೋಡೆ ಇದು. 1348ರಲ್ಲಿ ಪ್ಲೇಗು ಬಂತು. ತನ್ನ ಐದು ಮಕ್ಕಳನ್ನು ಸ್ವಂತ ಕೈಯಿಂದ ಮಣ್ಣು ಮಾಡಿದೆನೆಂದು ಆ ಕಾಲದ ಸಿಯೆನಾದ ಚರಿತ್ರೆಕಾರ ಆನ್ಯೊಲೊ ದಿ ತೂರಾ ಬರೆದಿಟ್ಟಿದ್ದಾನೆ. ಕಿಟಕಿಯ ಜಾಗದಲ್ಲಿ ಬರೀ ಆಕಾಶ. ಕಲ್ಲಿಗೆ ಕೈಯಿಟ್ಟು ಬಹಳ ಹೊತ್ತು ನಿಂತೆ.

ಪ್ಲೇಗಿನದೂ ಬ್ಯಾಕ್ಟೀರಿಯಾವೇ. ಅದೂ ಒಂದು ಪ್ರೋಟೀನು ಕವಚ ಹೊದ್ದಿರುತ್ತದೆ, ಹೆಸರು ಎಫ್1. ನಮ್ಮ ಜೀವಕೋಶಕ್ಕೆ ಚುಚ್ಚುವ ಅದರ ಸೂಜಿಯ ತುದಿಯಲ್ಲಿ 'ವಿ' ಎಂಬ ಇನ್ನೊಂದು ಪ್ರೋಟೀನಿದೆ. ಈ ಎರಡನ್ನೂ ಸೇರಿಸಿದ ಲಸಿಕೆಗಳು ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿವೆ.