ಕಂಠಪಾಠವಲ್ಲದ ಉತ್ತರ

ಅಮೆರಿಕದಲ್ಲಿ ಬೆಳೆದ ನನ್ನ ಅಕ್ಕನ ಮಗಳಿಗೆ ಅಲ್ಲಿನ ಆಸ್ಟಿಯೋಪಥಿಕ್ ವೈದ್ಯಕೀಯ ಕಾಲೇಜೊಂದರಿಂದ ಸಂದರ್ಶನದ ಕರೆ ಬಂತು. ಎಂ.ಡಿ. ಪದವಿಯ ಕಾಲೇಜುಗಳಲ್ಲಿ ಅವಳಿಗೆ ಸೀಟು ಸಿಕ್ಕಿರಲಿಲ್ಲ. "ಇದು ಎರಡನೇ ದರ್ಜೆಯದಲ್ಲವೇ?" ಎಂಬುದು ಅಕ್ಕನ ಕೊರಗು. ಹಾಗೇನಿಲ್ಲ. ಇಲ್ಲಿ ಡಿ.ಓ. ಪದವಿ ಪಡೆದವರೂ ಅಮೆರಿಕದ ಐವತ್ತು ರಾಜ್ಯಗಳಲ್ಲೂ ಔಷಧಿ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ವೈದ್ಯರೇ. ಜೊತೆಗೆ ಮೂಳೆ, ಸ್ನಾಯುಗಳನ್ನು ಕೈಯಿಂದ ಪರೀಕ್ಷಿಸಿ ಉಪಚರಿಸುವುದನ್ನೂ ಕಲಿತಿರುತ್ತಾರೆ.

ಅವಳ ತಯಾರಿಗೆಂದು ಫೋನಿನಲ್ಲಿ ನಾನೇ ಪರೀಕ್ಷಕಿಯಾದೆ.

"ಆಸ್ಟಿಯೋಪಥಿಯೇ ಏಕೆ?"

ಅಂಥ ಸಂದರ್ಶನಗಳಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಅದು. ಅವಳು ಗಿಳಿಪಾಠ ಒಪ್ಪಿಸಿದಳು: 1892ರಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು, ದೇಹ, ಮನಸ್ಸು, ಆತ್ಮ ಬೇರೆ ಬೇರೆಯಲ್ಲ...

"ಮಗಳೇ, ಇದು ಪುಸ್ತಕದ ಮಾತು. ನಿನ್ನದೆಲ್ಲಿ?" ಎಂದೆ. ಅರ್ಥ ತಿಳಿಯದೆ ಪಾಠ ಒಪ್ಪಿಸುವ ಮದ್ರಸದ ಮಕ್ಕಳಿಗೂ ನಾನು ಹೀಗೆಯೇ ಕೇಳುತ್ತೇನೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಖಾಲಾ, ನಾನಿ ನಮ್ಮಲ್ಲಿ ಹಾಸಿಗೆ ಹಿಡಿದಿದ್ದಾಗ ಮಾತ್ರೆಗಿಂತ ಮೊದಲು ನನ್ನ ಕೈ ಹುಡುಕುತ್ತಿದ್ದರು. ರೋಗಿಯನ್ನು ಮುಟ್ಟಿ ನೋಡುವ ಡಾಕ್ಟರಾಗಬೇಕು ನನಗೆ."

ಅಮ್ಮನ ನೆನಪಾಗಿ ನನ್ನ ಗಂಟಲು ಕಟ್ಟಿತು. "ಇದನ್ನೇ ಹೇಳು. ಬೇರೆ ಕಡೆ ಸಿಗಲಿಲ್ಲವೇ ಎಂದು ಕೇಳಿದರೆ ಅದನ್ನೂ ಮುಚ್ಚಿಡಬೇಡ" ಎಂದೆ.

ಸಂದರ್ಶನ ಮುಗಿದಿದೆ, ಫಲಿತಾಂಶ ಬರಬೇಕಷ್ಟೆ. ಅಕ್ಕ ಮಾತ್ರ ಈಗ 'ಎರಡನೇ ದರ್ಜೆ' ಎನ್ನುವುದಿಲ್ಲ.