ತೂತಿನ ಲೆಕ್ಕ

3 ಏಪ್ರಿಲ್ 2025, ತುಮಕೂರು

ಇಡೀ ದಿನ ಕ್ಷಯದ ಮದ್ದು ರಿಫಾಂಪಿಸಿನ್ ಜೊತೆಗೇ ಆಯ್ತು. ಇಟ್ಟಿಗೆ ಬಣ್ಣದ ಪುಡಿ. ಎಷ್ಟು ಹುಷಾರಾಗಿ ತೂಗಿದರೂ ಗ್ಲೌಸಿಗೆ, ತಕ್ಕಡಿಗೆ, ಏಪ್ರನ್ನಿಗೆ ಅಂಟದೆ ಬಿಡುವುದಿಲ್ಲ. ಅದನ್ನೂ ಪಿಎಲ್‌ಜಿಎ ಪಾಲಿಮರನ್ನೂ ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ, ಅಮೋನಿಯಂ ಬೈಕಾರ್ಬೊನೇಟ್ ನೀರು ಹಾಕಿ ಹೋಮೋಜಿನೈಸರ್ ತಿರುಗಿಸಿದೆ. ಆ ಮಿಶ್ರಣವನ್ನು ಪಾಲಿವಿನೈಲ್ ಆಲ್ಕೋಹಾಲ್ ಬೆರೆತ ನೀರಿಗೆ ಸುರಿದು ಮತ್ತೊಮ್ಮೆ ತಿರುಗಿಸಿದಾಗ ಬೀಕರೆಲ್ಲ ನಸುಗೆಂಪು. ಆಮೇಲೆ ಸಂಜೆವರೆಗೆ ಫ್ಯೂಮ್ ಹುಡ್ಡಿನಲ್ಲಿ ಕಲಕುತ್ತ ಬಿಡುವುದಷ್ಟೆ ಕೆಲಸ. ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿಗೇ ಕುದಿಯುತ್ತದೆ. ನಮ್ಮ ಪಾವಗಡದ ಬೇಸಿಗೆ ಮಧ್ಯಾಹ್ನ ಅದರ ಹತ್ತಿರಕ್ಕೇ ಹೋಗುತ್ತದೆ. ಅದು ಆವಿಯಾದ ಹಾಗೆ ಒಂದೊಂದು ಹನಿಯೂ ಗಟ್ಟಿಯಾಗಿ ಕಣವಾಗುತ್ತದೆ. ಬೈಕಾರ್ಬೊನೇಟ್ ಒಡೆದು ಗ್ಯಾಸಾಗಿ ಹೊರಬೀಳುವಾಗ ಕಣದ ಮೈತುಂಬ ತೂತು. ಬೇಕರಿಯವರು ಬಿಸ್ಕತ್ತು ಉಬ್ಬಲೆಂದು ಹಾಕುವುದೂ ಇದನ್ನೇ. ಅಮೋನಿಯಾ ಘಾಟಿಗೆ ಪಕ್ಕದ ಲ್ಯಾಬಿನವರು ಬಂದು ಬೈದು ಹೋದರು.

9 ಏಪ್ರಿಲ್

ಬೆಂಗಳೂರಿನಿಂದ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳು ಬಂದವು. ಹೆಚ್ಚುಕಡಿಮೆ 10 ಮೈಕ್ರಾನಿನ ಕಣಗಳು. ತೂತಿನ ಅಂಚು ನುಣುಪಾಗಿದೆ. ಒಡೆದ ಒಂದರ ಒಳಗೆ ಗೂಡಿನ ಪಕ್ಕ ಗೂಡು, ನಡುವೆ ತೆಳ್ಳನೆ ಗೋಡೆ. ಗೈಡ್ ನೋಡಿ "ಚೆನ್ನಾಗಿ ಬಂದಿದೆಯಲ್ಲಯ್ಯ" ಅಂದರು. ಯಾವುದಕ್ಕೆ ಚೆನ್ನ ಅನ್ನುವುದನ್ನು ಹೇಳಲಿಲ್ಲ.

ಈ ತೂತಿನ ಹುಚ್ಚು ಹತ್ತಿಸಿದ್ದು ಡೇವಿಡ್ ಎಡ್ವರ್ಡ್ಸ್, ರಾಬರ್ಟ್ ಲ್ಯಾಂಗರ್ ಮತ್ತವರ ಸಂಗಡಿಗರು, 1997ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನದಿಂದ. ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿಯಬೇಕಾದರೆ ಕಣ ಚಿಕ್ಕದಿರಲೇಬೇಕಿಲ್ಲ, ಹಗುರಾಗಿದ್ದರೆ ಸಾಕು ಎಂದು ಅವರು ತೋರಿಸಿದರು. ಕಡ್ಲೆಪುರಿಯನ್ನು ಮೊರದಲ್ಲಿ ತೂರಿದರೆ ದಪ್ಪನೆಯ ಪುರಿ ಗಾಳಿಗೆ ಹಾರುತ್ತದೆ, ಸಣ್ಣ ಕಡ್ಲೆ ಕಾಲ ಬುಡದಲ್ಲೇ ಬೀಳುತ್ತದೆ; ಹಾಗೆ. ಲೆಕ್ಕವೂ ಸುಲಭ: ವ್ಯಾಸವನ್ನು ಸಾಂದ್ರತೆಯ ವರ್ಗಮೂಲದಿಂದ ಗುಣಿಸಬೇಕು. 10 ಮೈಕ್ರಾನಿನ ಕಣದ ಸಾಂದ್ರತೆ 0.1 ಇದ್ದರೆ, ಗಾಳಿಯಲ್ಲಿ ಅದರ ನಡವಳಿಕೆ ಸುಮಾರು 3 ಮೈಕ್ರಾನಿನ ಗಟ್ಟಿ ಕಣದ್ದು. ಇನ್ನೊಂದು ಲಾಭವೂ ಉಂಟು. ಶ್ವಾಸಕೋಶದ ಕಾವಲಿಗಿರುವ ಮ್ಯಾಕ್ರೋಫೇಜ್ ಕೋಶಗಳಿಗೆ ಇಷ್ಟು ದೊಡ್ಡದನ್ನು ನುಂಗುವುದು ಕಷ್ಟ, ಹಾಗಾಗಿ ಮದ್ದು ಹೊರಗೇ ಉಳಿದು ಕೆಲಸ ಮಾಡುತ್ತದೆ.

13 ಏಪ್ರಿಲ್, ಭಾನುವಾರ, ಊರು

ಕೊರಟಗೆರೆ, ಮಧುಗಿರಿ ದಾಟುವಷ್ಟರಲ್ಲೇ ಬಸ್ಸಿನ ಸೀಟು ಕಾದು ಕೂರಲಾಗಲಿಲ್ಲ. ಚಿಕ್ಕಪ್ಪ ಜಗಲಿ ಮೇಲೆ ಕೂತಿದ್ದ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದವನು ಕೆಮ್ಮು ಹಿಡಿದು ಬಂದಿದ್ದಾನೆ. ಕ್ಷಯ ಎಂದು ಮಾತ್ರೆ ಶುರುವಾಗಿದೆ.

"ಮೂತ್ರ ಕೆಂಪುಗೆ ಹೋಗ್ತೈತೆ ಕಣಪ್ಪ. ರಕ್ತ ಏನೋ ಅಂತ ಎರಡು ದಿನ ಮಾತ್ರೆ ಬಿಟ್ಟಿದ್ದೆ."

"ಅದು ಮಾತ್ರೆ ಬಣ್ಣ ಚಿಕ್ಕಪ್ಪ, ರಕ್ತ ಅಲ್ಲ. ಒಂದು ದಿನಾನೂ ಬಿಡಬೇಡ."

"ಆರು ತಿಂಗ್ಳು ದಿನಾ ನುಂಗು ಅಂದ್ರೆ ಎಂಗೆ? ತಿಂಗ್ಳಿಗೊಂದು ಸೂಜಿ ಚುಚ್ಚಿಬಿಟ್ರೆ ಆಗಕ್ಕಿಲ್ವಾ?"

ಅಮೆರಿಕದಲ್ಲಿ 1989ರಲ್ಲೇ ಪ್ರಾಸ್ಟೇಟ್ ಕ್ಯಾನ್ಸರಿಗೆ ಇಂಥದೇ ಪಾಲಿಮರ್ ಕಣಗಳ ತಿಂಗಳ ಸೂಜಿ ಬಂದಿತ್ತು, ಲೂಪ್ರಾನ್ ಡಿಪೋ. ಆ ಮದ್ದಾದರೆ ಮಿಲಿಗ್ರಾಂ ಲೆಕ್ಕದಲ್ಲಿ ಸಾಕು. ರಿಫಾಂಪಿಸಿನ್ ದಿನಕ್ಕೇ ನೂರಾರು ಮಿಲಿಗ್ರಾಂ ಬೇಕು. ತಿಂಗಳದ್ದನ್ನು ಒಂದು ಸಿರಿಂಜಿಗೆ ತುಂಬುವುದೆಲ್ಲಿ? ಅದಕ್ಕೇ ರೋಗ ಇರುವ ಶ್ವಾಸಕೋಶಕ್ಕೇ ನೇರ ಕಳಿಸುವ ಪ್ರಯತ್ನ. ಇದನ್ನೆಲ್ಲ ಅವನಿಗೆ ಹೇಳಲಿಲ್ಲ, ಹೇಳಬಹುದಿತ್ತು.

ಎದುರುಮನೆ ಅಜ್ಜಿ ನನ್ನ ಓದಿನ ವಿಷಯ ಕೇಳಿ, ಮೊಣಕಾಲಿಗೇನಾದರೂ ಮದ್ದು ಮಾಡಪ್ಪ ಅಂದಳು. ವರ್ಷಾನುಗಟ್ಟಲೆ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡು ಅದು. ಕಾಲು ಬಾಗಿದೆ.

18 ಏಪ್ರಿಲ್, ತುಮಕೂರು

ಮೊಣಕಾಲಿನ ಮಾತು ಬಂದಿದ್ದಕ್ಕೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ರಚಿತ್ ಅಗರ್ವಾಲ್ ತಂಡ ಮಾಡಿದ ಕೆಲಸ ಮತ್ತೆ ಓದಿದೆ. ರಾಪಾಮೈಸಿನ್ ಎಂಬ ಮದ್ದನ್ನು ಪಿಎಲ್‌ಜಿಎ ಕಣಗಳಲ್ಲಿ ತುಂಬಿ ಇಲಿಗಳ ಕೀಲಿಗೆ ಚುಚ್ಚಿದ್ದಾರೆ. ಕಣಗಳು ಸುಮಾರು ಒಂದು ತಿಂಗಳು ಅಲ್ಲೇ ಉಳಿದಿವೆ. ಅದು ಸವೆದ ಕೀಲಿನ ಮದ್ದು. ಅಜ್ಜಿಯ ಊರಿಗೆ ಮೊದಲು ಬೇಕಾದದ್ದು ಒಳ್ಳೆ ನೀರು.

ಕೀಲಿನೊಳಗೆ ತಿಂಗಳುಗಟ್ಟಲೆ ಕೂರಬೇಕಾದ ಕಣಕ್ಕೆ ತೂತು ಶತ್ರು. ತೂತು ಹೆಚ್ಚಿದಷ್ಟೂ ನೀರು ಒಳನುಗ್ಗಿ, ಮದ್ದಿನ ದೊಡ್ಡ ಪಾಲು ಮೊದಲಲ್ಲೇ ಸೋರಿಹೋಗುತ್ತದೆ. ಪಾಲಿಮರ್ ಏನೋ ಪಾಪದ್ದು. ಕೊನೆಗೆ ಲ್ಯಾಕ್ಟಿಕ್, ಗ್ಲೈಕಾಲಿಕ್ ಆಮ್ಲವಾಗಿ ಒಡೆದು ದೇಹದಲ್ಲೇ ಅರಗುತ್ತದೆ.

ಕ್ಷಯದ ಕಥೆಯೇ ಬೇರೆ. ಅದರ ಬ್ಯಾಕ್ಟೀರಿಯಾ ಬಚ್ಚಿಟ್ಟುಕೊಳ್ಳುವುದೇ ಮ್ಯಾಕ್ರೋಫೇಜಿನ ಹೊಟ್ಟೆಯಲ್ಲಿ. ಅಂದಮೇಲೆ ಆ ಕೋಶ ನಮ್ಮ ಕಣವನ್ನು ನುಂಗಲೇಬೇಕು. ನುಂಗದಂತೆ ದೊಡ್ಡದು ಮಾಡುವುದು ಯಾತಕ್ಕೆ? ಚಂಡೀಗಢದ ಪಿಜಿಐಎಂಇಆರ್‌ನ ಖುಲ್ಲರ್ ತಂಡ 2003ರಲ್ಲಿ ಇದೇ ಜಾತಿಯ ಪಾಲಿಮರಿನ ಅತಿಸಣ್ಣ ಕಣಗಳನ್ನು ಗಿನಿಪಿಗ್‌ಗಳಿಗೆ ನೆಬ್ಯುಲೈಸರಿನಲ್ಲಿ ಹತ್ತು ದಿನಕ್ಕೊಮ್ಮೆ ಕೊಟ್ಟಿತ್ತು. ಅಂಥ 5 ಡೋಸಿಗೆ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಕಾಣಲಿಲ್ಲ. ಬರಿ ಮದ್ದನ್ನು ಬಾಯಲ್ಲಿ ಕೊಟ್ಟಾಗ ಅದೇ ಫಲಕ್ಕೆ ದಿನಾ ಒಂದರಂತೆ 46 ಡೋಸು ಬೇಕಾಗಿತ್ತು. ಅಲ್ಲಿಂದ ಇಲ್ಲಿಗೆ 22 ವರ್ಷ. ನಮ್ಮ ಚಿಕ್ಕಪ್ಪ ಇನ್ನೂ ಮಾತ್ರೆಯನ್ನೇ ನುಂಗುತ್ತಿದ್ದಾನೆ.

ಗೈಡ್ ಹತ್ತಿರ ಮಾತಾಡಿದೆ. ಮುಂದಿನ ಬ್ಯಾಚಿಗೆ ಬೈಕಾರ್ಬೊನೇಟ್ ಇಲ್ಲ. ರಿಫಾಂಪಿಸಿನ್ ಪಾಲಿಮರಿನ ಜೊತೆಗೇ ಕರಗುವುದರಿಂದ ಒಂದೇ ಸಲದ ಎಮಲ್ಷನ್ ಸಾಕು. ಕಣ 1ರಿಂದ 5 ಮೈಕ್ರಾನ್ ಇರಬೇಕು, ಗಟ್ಟಿಯಾಗಿರಬೇಕು. ತೂತಿನ ಕಣದ ಚಿತ್ರ ಚೆಂದವಿದೆ ನಿಜ. ಆದರೆ ಅದು ಆಸ್ತಮಾ ಮದ್ದಿಗೆ ಒಪ್ಪುವ ಕಣ, ಕ್ಷಯಕ್ಕಲ್ಲ.