ಬಂದದ್ದೆಲ್ಲ ಬಾರಿಸಿದ ಮಾಸ್ತರರು

ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ನಮ್ಮ ಕಡೆ ನಾಟಕದ ಹಂಗಾಮು. ಗದಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠ. ಎಲ್ಲಿ ತೇರು ಎಳೆದರೋ ಅಲ್ಲಿ ತಗಡಿನ ಥೇಟರು ಎದ್ದಿರುತ್ತಿತ್ತು. ಬೆಟಗೇರಿಯ ನಮ್ಮ ಓಣಿಯ ಹುಡುಗರು ನೆಲದ ಟಿಕೀಟು ತೆಗೆದು ಎಲ್ಲರಿಗಿಂತ ಮುಂದೆ ಕೂಡುತ್ತಿದ್ದೆವು. ದೊಡ್ಡವರು ನಾಯಕಿಯ ಹಾಡಿಗೆ, ಹಾಸ್ಯದವನ ಮಾತಿಗೆ ಬರುತ್ತಿದ್ದರು. ನಮ್ಮ ಕಣ್ಣು ಮಾತ್ರ ರಂಗದ ಅಂಚಿನಲ್ಲಿ ಕೂತ ಪೇಟಿ ಮಾಸ್ತರರ ಮೇಲೆ.

ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ಮಾಸ್ತರರ ಹೆಸರು ಇದ್ದರೆ ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ. ಆದರೆ ಅವರಿಲ್ಲದೆ ಪರದೆ ಏಳುತ್ತಿರಲಿಲ್ಲ. ಕಾಲಿನಿಂದ ತಿದಿ ತುಳಿಯುವ ಕಾಲುಪೇಟಿ ಅವರದು. ಎರಡೂ ಕೈ ಸ್ವರದ ಮೇಲೆ ಓಡಾಡುತ್ತಿದ್ದವು, ಮೈಕು ಕೈಕೊಟ್ಟರೂ ಕಟ್ಟಕಡೆಯ ಸಾಲಿನವರೆಗೆ ದನಿ ಹೋಗುತ್ತಿತ್ತು. ತಬಲಾದವನಿಗೆ ಜ್ವರ ಬಂದ ರಾತ್ರಿ ಪೇಟಿಯನ್ನು ಶಿಷ್ಯನಿಗೆ ಒಪ್ಪಿಸಿ ತಾವೇ ತಬಲಾಕ್ಕೆ ಕೂಡುವರು. ಯುದ್ಧದ ಸೀನಿಗೆ ಕ್ಲಾರಿಯೊನೆಟ್, ತಾಯಿ-ಮಗ ಅಗಲುವ ಸೀನಿಗೆ ಪಿಟೀಲು. ನಟಿಗೆ ಶ್ರುತಿ ಏರಿತೆಂದರೆ ಹಾಡು ನಿಲ್ಲಿಸದೆ, ಒಂದು ಸಣ್ಣ ಆಲಾಪದ ನೆವದಲ್ಲಿ ಇಡೀ ಪಟ್ಟಿಯನ್ನೇ ಕೆಳಗಿಳಿಸಿ ಆಕೆಯ ಮಾನ ಕಾಯುವರು. ಜನ ‘ಒನ್ಸ್ ಮೋರ್’ ಎಂದು ಕೂಗಿ ಆಯಾರ ಮಾಡಿದರೆ ಅದು ನಟಿಗೆ. ಮಾಸ್ತರರು ಆಗ ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದರು.

“ಇಷ್ಟೆಲ್ಲಾ ಯಾಕ ಕಲತ್ರಿ ಮಾಸ್ತರ?” ಎಂದು ನಮ್ಮಲ್ಲೊಬ್ಬ ಚಹಾದಂಗಡಿಯಲ್ಲಿ ಕೇಳಿಯೇಬಿಟ್ಟ.

“ಒಂದ ಕಲತಾವಗ ಜಾತ್ರಿ ಇದ್ದಾಗಷ್ಟ ಊಟ ತಮ್ಮಾ. ನಾಕ ಕಲತಾವಗ ವರ್ಷಪೂರ್ತಿ ಊಟ.”

ಅದು ತಮಾಷೆಯ ಮಾತಲ್ಲ, ಅವರ ವರ್ಷದ ಲೆಕ್ಕ. ಜಾತ್ರೆಯ ದಿನಗಳಲ್ಲಿ ಕಂಪನಿಯ ಪೇಟಿ. ಲಗ್ನಸರಾಯಿಯಲ್ಲಿ ಬ್ಯಾಂಡಿನವರ ಜೊತೆ ಕ್ಲಾರಿಯೊನೆಟ್. ಮಳೆ ಹಿಡಿದು ಥೇಟರು ಬಿಚ್ಚಿದ ಮೇಲೆ ಆಷಾಢವೊಂದು ಬರಗಾಲ. ಶ್ರಾವಣ ಬಂತೆಂದರೆ ಮಠಮಠಗಳಲ್ಲಿ ಪುರಾಣ-ಪ್ರವಚನ. ಶಾಸ್ತ್ರಿಗಳ ಮಾತಿನ ನಡುವೆ ವಚನ ಹಾಡಲು ಒಬ್ಬರು, ತಬಲಾಕ್ಕೆ ಒಬ್ಬರು ತಿಂಗಳುಗಟ್ಟಲೆ ಬೇಕು. ದೀಪಾವಳಿ ದಾಟಿದರೆ ಹಳ್ಳಿಯವರು ತಾವೇ ನಾಟಕ ಕಲಿಯಲು ಮಾಸ್ತರರನ್ನು ಕರೆದೊಯ್ಯುವರು. ಹಗಲೆಲ್ಲ ಹೊಲದಲ್ಲಿ ದುಡಿದ ಗೌಡರ ಮಗನಿಗೆ ರಾತ್ರಿ ತಾಳ ಕೂಡಿಸುವ ಕಷ್ಟ ಅವರಿಗೇ ಗೊತ್ತು.

ಈ ಬಹುವಾದ್ಯದ ವಿದ್ಯೆಗೆ ತವರು ಗದಗಿನ ವೀರೇಶ್ವರ ಪುಣ್ಯಾಶ್ರಮ. ಅದನ್ನು ಕಟ್ಟಿದ, 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದವರು. ಕರ್ನಾಟಕ, ಹಿಂದುಸ್ತಾನಿ ಎರಡನ್ನೂ ಕರಗತ ಮಾಡಿಕೊಂಡು ಉಭಯ ಗಾನವಿಶಾರದ ಎನಿಸಿಕೊಂಡರು. ಮೊದಲು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುವ ಸಂಚಾರಿ ಪಾಠಶಾಲೆ. ಆಮೇಲೆ ಗದಗಿನಲ್ಲಿ ನೆಲೆ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಹೊಣೆ ಹೊತ್ತವರು ಶಿಷ್ಯ ಪುಟ್ಟರಾಜ ಗವಾಯಿಗಳು, ಜನರ ಬಾಯಲ್ಲಿ ಪುಟ್ಟಯ್ಯಜ್ಜನವರು. ಅವರಿಗೂ ಕಣ್ಣಿರಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲವೂ ಅವರ ಕೈಗೆ ಒಲಿದಿದ್ದವು. ಅಂಧರು, ಅನಾಥರು, ಬಡವರ ಮಕ್ಕಳು ನೂರಾರು ಜನ ಅಲ್ಲಿ ಉಂಡು ಕಲಿತರು. ಅಷ್ಟು ಜನರ ಅನ್ನಕ್ಕೆ ದುಡ್ಡು ಬೇಕಲ್ಲ? ಆಶ್ರಮವೇ ನಾಟಕ ಕಂಪನಿ ನಡೆಸಿತು. ಪುಟ್ಟಯ್ಯಜ್ಜನವರು ನಾಟಕ ಬರೆದರು, ಹಾಡು ಕಟ್ಟಿದರು. ಬಸವರಾಜ ರಾಜಗುರು, ವೆಂಕಟೇಶಕುಮಾರರಂಥ ದೊಡ್ಡ ದನಿಗಳು ಆ ಗುರುಪರಂಪರೆಯಿಂದ ಬಂದದ್ದು ಲೋಕಕ್ಕೆ ಗೊತ್ತು. ಅದೇ ಪಂಕ್ತಿಯಲ್ಲಿ ಉಂಡು, ಬಸ್ಸು ಹತ್ತಿ ಹಳ್ಳಿ ಸೇರಿದ ಪೇಟಿಯವರು, ತಬಲಾದವರು ಎಷ್ಟು ಜನವೋ!

ಅವರನ್ನು ಸಾಕುವ ಮಣ್ಣೂ ಇಲ್ಲಿತ್ತು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನದು. ಶಿರಹಟ್ಟಿ ವೆಂಕೋಬರಾಯರ ಕಂಪನಿ ಅದಕ್ಕಿಂತ ಹಿಂದಿನದು. ಲಕ್ಷ್ಮೇಶ್ವರದ ಬಚ್ಚಾಸಾನಿಯವರ ಹಾಡಿನ ಸುದ್ದಿಯನ್ನು ನಮ್ಮ ಅಜ್ಜಂದಿರು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ಬಾಲಕ ಭೀಮಸೇನ ಜೋಶಿ ಭಜನೆ, ಬ್ಯಾಂಡಿನ ಮೆರವಣಿಗೆಗಳ ಬೆನ್ನು ಹತ್ತಿ ಹೋಗಿ ಎಲ್ಲೋ ನಿದ್ದೆಹೋಗುತ್ತಿದ್ದನಂತೆ. ಬೇಸತ್ತ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದ್ದರಂತೆ. ನಮಗೂ ಅಂಥದೊಂದು ಅಂಗಿ ಬೇಕಿತ್ತು.

ನಮ್ಮ ಪುಣ್ಯಾಶ್ರಮದಂಥದೇ ಇನ್ನೊಂದು ಮನೆಯ ಕಥೆ ದೊಡ್ಡವನಾದ ಮೇಲೆ ಓದಿದೆ. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಆಲ್ಫಾ ಬಾಯ್ಸ್ ಸ್ಕೂಲ್ ಎಂಬ ಶಾಲೆ. ಕ್ರೈಸ್ತ ಸನ್ಯಾಸಿನಿಯರು ದಿಕ್ಕಿಲ್ಲದ ಹುಡುಗರನ್ನು ಸಾಕಿ ಕೈಗೊಂದು ಕಸುಬು ಕೊಡುತ್ತಿದ್ದ ಜಾಗ. ಬ್ಯಾಂಡೂ ಅಲ್ಲೊಂದು ಕಸುಬು. 1964ರಲ್ಲಿ ಹುಟ್ಟಿದ ಸ್ಕಾಟಲೈಟ್ಸ್ ತಂಡದ ಟಾಮಿ ಮೆಕುಕ್, ಡಾನ್ ಡ್ರಮಂಡ್ ಮೊದಲಾದವರು ಅಲ್ಲಿಯೇ ತುತ್ತೂರಿ, ಸ್ಯಾಕ್ಸೊಫೋನು ಹಿಡಿದವರು. ಅವರು ಬೆಳೆಸಿದ ಸ್ಕಾ ಸಂಗೀತ 1970ರ ದಶಕದ ಕೊನೆಗೆ ಇಂಗ್ಲೆಂಡಿನ ಪಂಕ್ ಹುಡುಗರ ಕೈಗೂ ಸಿಕ್ಕು ಹೊಸ ರೂಪ ತಾಳಿತು. ಆ ತಂಡಗಳ ಹಾಡು ಕೇಳಿದಾಗ ನನ್ನ ಕಿವಿ ಹುಡುಕಿದ್ದು ಗಾಯಕನನ್ನಲ್ಲ, ಹಿಂದೆ ನಿಂತು ಊದುವವರನ್ನು. ಗಂಜಿಯ ಜೊತೆ ಸ್ವರವನ್ನೂ ಬಡಿಸಿದ ಮನೆಗಳು ಎಲ್ಲ ಕಡೆಗೂ ಇರುತ್ತವೆ.

ಮುಂದೆ ಕ್ಯಾಸಿಯೊ ಬಂತು, ರಿದಂ ಪ್ಯಾಡ್ ಬಂತು. ಪಿಟೀಲು, ಕ್ಲಾರಿಯೊನೆಟ್, ಸಿತಾರು ಎಲ್ಲ ಒಂದೇ ಹಲಗೆಯ ಗುಂಡಿಗಳೊಳಗೆ ಹೊಕ್ಕವು. ನಾಲ್ಕು ಕಲಿತವನ ಊಟಕ್ಕೆ ಅಲ್ಲಿಗೆ ಕುತ್ತು ಬಂತು ಎಂದುಕೊಂಡೆವು. ಆದರೆ ಹಳ್ಳಿಯ ನಟ ಪಟ್ಟಿ ತಪ್ಪಿದಾಗ ಅವನ ಬೆನ್ನುಹತ್ತಿ ಹೋಗಿ ಹಿಡಿದು ತರುವ ಗುಂಡಿ ಯಾವ ಕ್ಯಾಸಿಯೊದಲ್ಲೂ ಇಲ್ಲ. ಕೊನೆಗೆ ಕ್ಯಾಸಿಯೊ ನುಡಿಸಲು ಕೂತವರೂ ಅದೇ ಪೇಟಿ ಮಾಸ್ತರರು, ಇಲ್ಲವೇ ಅವರ ಶಿಷ್ಯರು.

1995ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ ಸಂಗೀತ ಕೊಟ್ಟ ಹಂಸಲೇಖರಿಗೂ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. 2010ರಲ್ಲಿ ಪುಟ್ಟಯ್ಯಜ್ಜನವರಿಗೆ ಪದ್ಮಭೂಷಣ ಬಂದಾಗ ಗದಗಿಗೇ ಹಬ್ಬ. ಅದೇ ವರ್ಷ ಅವರು ಲಿಂಗೈಕ್ಯರಾದಾಗ ಊರಿಗೆ ಊರೇ ಬೀದಿಗಿಳಿದು ಅತ್ತಿತು. ಅವರ ಪಂಕ್ತಿಯಲ್ಲಿ ಉಂಡ ಮಾಸ್ತರರಿಗೆ ಯಾವ ಶಾಲೂ ಬರಲಿಲ್ಲ, ಅವರು ಕೇಳಲೂ ಇಲ್ಲ. ನಮ್ಮ ಓಣಿಯ ಗುಂಪು ಮಾತ್ರ ಒಂದು ರೂಢಿ ಬಿಟ್ಟಿಲ್ಲ. ಲಗ್ನವಿರಲಿ, ಪುರಾಣದ ಮಂಗಲವಿರಲಿ, ಹಾಡಿದವರನ್ನು ಹೊಗಳುವ ಜನ ಬೇಕಾದಷ್ಟಿರುತ್ತಾರೆ. ನಾವು ಪೇಟಿಯವರ ಹತ್ತಿರ ಹೋಗಿ, “ಬರ್ರಿ ಮಾಸ್ತರ, ಮೊದಲ ಊಟ ಮಾಡ್ರಿ” ಎಂದು ಕರೆದುಕೊಂಡು ಹೋಗುತ್ತೇವೆ.